ಕೇಳು ಎಂಬ ಧಾತು

ಸೇತುವೆ ಎಂದರೆ ಹೊಳೆಯ ಮೇಲೆ ಇರತಕ್ಕದ್ದು ಎಂದು ನಮ್ಮ ಹಿರಿಯರು ತಿಳಿದಿದ್ದರು. ಹೊಳೆಯನ್ನು ಪ್ರಕೃತಿ ಹರಿಸಿತು. ದಾಟುವ ಉಪಾಯವನ್ನು ಮನುಷ್ಯ ಹುಡುಕಿದ. ಈಚೆಗೆ ನಾವು ಕಟ್ಟುತ್ತಿರುವ ಸೇತುವೆಗಳಲ್ಲಿ ಬಹುಪಾಲು ನಾವೇ ಹರಿಸಿಕೊಂಡ ಹೊಳೆಗಳನ್ನು ದಾಟುವುದಕ್ಕಾಗಿ ಇವೆ. ರೈಲುಹಳಿ, ಹೆದ್ದಾರಿ, ವರ್ತುಲ ರಸ್ತೆ ಇವೆಲ್ಲ ಅಂಥ ಹೊಳೆಗಳೇ. ಶಿವಮೊಗ್ಗದ ವಿದ್ಯಾನಗರದಲ್ಲಿ ರೈಲುಹಳಿಯನ್ನು ದಾಟಿಸಲು ವೃತ್ತಾಕಾರದ ಮೇಲ್ಸೇತುವೆಯೊಂದು ಬಂದಿರುವುದನ್ನು ಈ ಊರಿನ ಓದುಗರೆಲ್ಲ ಬಲ್ಲರು. ಇಂಥದೊಂದು ಸೇತುವೆ ಬಂದಾಗ ಊರಿನಲ್ಲಿ ಎರಡು ಮಾತು ಹುಟ್ಟುತ್ತವೆ. ಗೇಟು ಹಾಕಿದಾಗ ಬಿಸಿಲಿನಲ್ಲಿ ಕಾಯುವುದು ತಪ್ಪಿತಲ್ಲ ಎಂಬುದು ಮೊದಲನೆಯದು. ಎರಡನೆಯದು ಸ್ವಲ್ಪ ತಡವಾಗಿ ಏಳುತ್ತದೆ: ‘ಕೆಳಗೆ ಇಷ್ಟು ಜಾಗ ಉಳಿಯಿತಲ್ಲ, ಒಂದು ಪಾರ್ಕು ಮಾಡಿಬಿಡಲಿ.’

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ವ್ಯಾಕರಣದ ಚಾಳಿ ನನ್ನನ್ನು ರಸ್ತೆಯಲ್ಲಿಯೂ ಬಿಡುವುದಿಲ್ಲ. ‘ಮಾಡಿಬಿಡಲಿ’ ಎಂಬ ಕ್ರಿಯಾಪದಕ್ಕೆ ಕರ್ತೃವೆಲ್ಲಿ? ಯಾರು ಮಾಡಿಬಿಡಬೇಕು? ಕಾರ್ಪೊರೇಷನ್ನೇ, ಸರಕಾರವೇ, ಕಂಟ್ರಾಕ್ಟರೇ? ಮಾತನಾಡುವವರಿಗೆ ಅದು ಮುಖ್ಯವಲ್ಲ. ಯಾರೋ ಮಾಡುತ್ತಾರೆ, ನಾವು ಸಂಜೆ ಹೋಗಿ ಕೂರುತ್ತೇವೆ. ಕರ್ತೃಪದವನ್ನು ಹೀಗೆ ಬಿಟ್ಟು ಮಾತನಾಡುವ ಅಭ್ಯಾಸ ನಮಗೆ ಎಷ್ಟು ಸಹಜವಾಗಿದೆಯೆಂದರೆ, ಆ ಖಾಲಿ ಸ್ಥಾನದಲ್ಲಿ ನಾವೂ ಕೂರಬಹುದಿತ್ತು ಎಂಬ ಯೋಚನೆಯೇ ಬರುವುದಿಲ್ಲ. ಊರಿಗೆಲ್ಲ ಸೇರಿದ ಒಂದು ತುಂಡು ನೆಲವನ್ನು ರೂಪಿಸುವಾಗ ಊರಿನವರನ್ನು ಕೇಳಬೇಕೇ? ಕೇಳಬೇಕಾದರೆ ಅದು ಬರಿಯ ಮರ್ಯಾದೆಯೋ, ಉಪಯೋಗದ ಲೆಕ್ಕವೋ, ಅಥವಾ ತೀರಿಸಲೇಬೇಕಾದ ಋಣವೋ? ಈ ಬರೆಹದಲ್ಲಿ ವಿಚಾರಿಸಬೇಕೆಂದಿರುವುದು ಇಷ್ಟು.

ಮೊದಲು ಸ್ವಲ್ಪ ದೂರ ಹೋಗಿ ಬರೋಣ. ನಮ್ಮಲ್ಲಿ ರಸ್ತೆ ಮೇಲೆ, ನೆಲ ಕೆಳಗೆ. ಪಶ್ಚಿಮದ ಕೆಲವು ನಗರಗಳಲ್ಲಿ ಇದು ತಿರುಗಮುರುಗ: ಹೆದ್ದಾರಿ ಕೆಳಗೆ, ತೋಟ ಮೇಲೆ. ಅಮೆರಿಕದ ಸಿಯಾಟಲ್ ನಗರದಲ್ಲಿ 1976ರಲ್ಲಿ ಹೆದ್ದಾರಿಯ ನೆತ್ತಿಯ ಮೇಲೆಯೇ ಉದ್ಯಾನವೊಂದನ್ನು ತೆರೆದರು. ಅದಕ್ಕೆ ಫ್ರೀವೇ ಪಾರ್ಕ್ ಎಂದೇ ಹೆಸರು. ಬಾಸ್ಟನ್ನಿನಲ್ಲಿ 1950ರ ದಶಕದಲ್ಲಿ ಊರ ನಡುವೆ ಕಂಬಗಳ ಮೇಲೆ ಎತ್ತಿ ಕಟ್ಟಿದ್ದ ಹೆದ್ದಾರಿಯನ್ನು ಮುಂದೆ ಕೆಡವಿ, ನೆಲದೊಳಕ್ಕೆ ಇಳಿಸಿ, ಅದಿದ್ದ ಜಾಗದಲ್ಲಿ ಉದ್ಯಾನಗಳ ಸಾಲೊಂದನ್ನು ಮಾಡಿ 2008ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಡಲ್ಲಾಸ್ ನಗರದಲ್ಲಿ 2012ರಲ್ಲಿ, ತಗ್ಗಿನಲ್ಲಿ ಓಡುವ ಎಂಟು ಪಥಗಳ ರಸ್ತೆಗೆ ಮುಚ್ಚಳ ಹಾಕಿದಂತೆ ಸುಮಾರು 5 ಎಕರೆಯ ಪಾರ್ಕನ್ನು ಹರಡಿದರು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಹೆದ್ದಾರಿಯ ಮುಚ್ಚಳದ ಮೇಲೆ ಪಾರ್ಕಿನ ಜೊತೆಗೆ, ನಗರವಾಸಿಗಳು ಹೂವು ತರಕಾರಿ ಬೆಳೆದುಕೊಳ್ಳುವ ಸಣ್ಣ ಸಣ್ಣ ತೋಟಗಳಿಗೂ ಸ್ಥಳವಿಟ್ಟಿದ್ದಾರೆ.

ಇವುಗಳ ರಚನೆಯಲ್ಲಿ ನಮ್ಮ ಪ್ರಶ್ನೆಗೆ ಸಂಬಂಧಪಟ್ಟ ಒಂದು ಸಂಗತಿ ಅಡಗಿದೆ. ಹೆದ್ದಾರಿಯ ಮೇಲೆ ತೊಲೆಗಳನ್ನು ಹಾಯಿಸಿ, ಅವುಗಳ ಮೇಲೆ ಕಾಂಕ್ರೀಟಿನ ಹಾಸು ಹಾಕಿ, ನೀರು ಇಳಿಯದಂತೆ ಪದರ ಬಳಿದು, ಅದರ ಮೇಲೆ ಮಣ್ಣು ತುಂಬುತ್ತಾರೆ. ಚೆನ್ನಾಗಿ ನೆನೆದ ಮಣ್ಣು ಒಂದು ಘನ ಮೀಟರಿಗೆ ಸುಮಾರು 2 ಟನ್ ತೂಗುತ್ತದೆ. ಹುಲ್ಲಿಗೆ ಒಂದು ಗೇಣು ಮಣ್ಣು ಸಾಕು. ನೆರಳು ಕೊಡುವ ಮರಕ್ಕೆ ಆಳುದ್ದದ ಮಣ್ಣು ಬೇಕು. ಆದ್ದರಿಂದ ಅಲ್ಲಿ ಹುಲ್ಲು ಬೆಳೆಯಬೇಕೋ ಹೊಂಗೆ ಬೆಳೆಯಬೇಕೋ ಎಂಬುದು ತೊಲೆಯ ದಪ್ಪವನ್ನು ಲೆಕ್ಕ ಹಾಕುವ ದಿನವೇ ತೀರ್ಮಾನವಾಗಿಬಿಡುತ್ತದೆ. ಕಟ್ಟಿ ಮುಗಿದ ಮೇಲೆ ಸಭೆ ಕರೆದು ‘ನಿಮಗೆ ಯಾವ ಮರ ಬೇಕು?’ ಎಂದು ಕೇಳಿದರೆ ಆ ಪ್ರಶ್ನೆಗೆ ಅರ್ಥವಿಲ್ಲ. ಮುದುಕರು ನೆರಳು ಬೇಕೆಂದರೂ ತೊಲೆ ಒಪ್ಪದು. ಜನರ ಮಾತಿಗೆ ಎಷ್ಟು ಬೆಲೆ ಎಂಬುದು ಆ ಮಾತನ್ನು ಯಾವ ಹೊತ್ತಿನಲ್ಲಿ ಕೇಳಿದರು ಎಂಬುದನ್ನು ಅವಲಂಬಿಸಿದೆ.

ನಮ್ಮ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಲಗ್ನಪತ್ರಿಕೆಯನ್ನು ಅಚ್ಚು ಹಾಕಿಸಿ, ಅರಿಸಿನ ಕುಂಕುಮ ಹಚ್ಚಿ, ಮನೆಗೆ ಬಂದು ಕರೆಯುವುದು ಒಂದು. ಸಂಬಂಧ ನೋಡುವ ಮೊದಲೇ ‘ಅತ್ತೆ, ನೀವು ಏನು ಹೇಳುತ್ತೀರಿ?’ ಎಂದು ಕೂರಿಸಿಕೊಂಡು ಕೇಳುವುದು ಇನ್ನೊಂದು. ಎರಡೂ ಮರ್ಯಾದೆಯೇ, ಸಂದೇಹವಿಲ್ಲ. ಆದರೆ ಮೊದಲನೆಯದರಲ್ಲಿ ಅತ್ತೆ ಅತಿಥಿ, ಎರಡನೆಯದರಲ್ಲಿ ಮನೆಯವಳು. ನಗರದ ಕೆಲಸಗಳಲ್ಲಿ ನಮಗೆ ಹೆಚ್ಚಾಗಿ ಬರುವುದು ಲಗ್ನಪತ್ರಿಕೆ. ‘ಆಕ್ಷೇಪಣೆಗಳಿದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು’ ಎಂಬ ಪ್ರಕಟಣೆಯ ಶೈಲಿ ಎಲ್ಲರಿಗೂ ಪರಿಚಿತ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿ ಊರಿನ ನಕ್ಷೆಯನ್ನು ಪ್ರಕಟಿಸಿ ಜನರ ಅಭಿಪ್ರಾಯ ಪಡೆಯಬೇಕೆಂಬ ವಿಧಿ ಇರುವುದು ಒಳ್ಳೆಯದೇ. ಆದರೆ ಆಕ್ಷೇಪಣೆ ಎಂಬುದು ಎದುರು ನಿಂತವನ ಮಾತು. ಬರೆದು ಮುಗಿಸಿದ್ದನ್ನು ತಿದ್ದಲು ಮಾತ್ರ ಅವಕಾಶವಿರುವವನು ಬರೆಹದಲ್ಲಿ ಪಾಲುದಾರನಾಗುವುದಿಲ್ಲ.

ಕೇಳದೆ ಗೆರೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜಧಾನಿಯಲ್ಲಿಯೇ ನಿದರ್ಶನಗಳಿವೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟುವ ಯೋಜನೆ ಹೊರಟಾಗ, ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನ ಜನ ಆ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. 2017ರ ಮಾರ್ಚಿಯಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದಡಿಯಲ್ಲಿ ಸುರಂಗ ರಸ್ತೆಯನ್ನು ಕೊರೆಯುವ ಯೋಜನೆ ಲಾಲ್‌ಬಾಗಿನ ನೆಲವನ್ನು ಮುಟ್ಟುತ್ತದೆಂಬ ಸುದ್ದಿಗೆ 2025ರಲ್ಲಿ ಎದ್ದ ವಿರೋಧ ಇನ್ನೊಂದು. ಅಲ್ಲಿಯ ಬಂಡೆ ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೇರೆ ಕಡೆ ಹೆದ್ದಾರಿಯ ಮೇಲೆ ಉದ್ಯಾನವನ್ನು ತಂದರೆ ಇಲ್ಲಿ ಇದ್ದ ಉದ್ಯಾನದ ಕೆಳಕ್ಕೆ ಹೆದ್ದಾರಿಯನ್ನು ತರುವ ಮಾತು. ಸುರಂಗ ಬೇಕೋ ಬೇಡವೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ನಾನು ಗಮನಿಸುವುದು ಇಷ್ಟೇ: ಈ ಎರಡು ಸಂದರ್ಭಗಳಲ್ಲಿಯೂ ಊರಿನವರ ಬಾಯಿಂದ ಹೊರಟ ಮೊದಲ ಮಾತು ‘ಬೇಡ’ ಎಂಬುದಾಗಿತ್ತು. ಮೊದಲು ಕೇಳದೆ ಇದ್ದವರಿಗೆ ಕೊನೆಯಲ್ಲಿ ಉಳಿಯುವ ಶಬ್ದ ಅದೊಂದೇ. ‘ಬೇಡ’ ಎಂಬುದಕ್ಕೆ ಬಲವಿದೆ. ಆದರೆ ಅದರಿಂದ ಮರ ನೆಡಲಾಗುವುದಿಲ್ಲ, ಕಲ್ಲುಬೆಂಚು ಹಾಕಲಾಗುವುದಿಲ್ಲ.

ಈಗ ಎದುರು ಪಕ್ಷದ ಮಾತನ್ನು ಕೇಳಬೇಕು. ಅದು ದುರ್ಬಲವಾದ ಪಕ್ಷವಲ್ಲ. ಅದಕ್ಕೆ ಅತ್ಯುತ್ತಮವಾದ ಸಾಕ್ಷಿ ನಮ್ಮ ನೆರೆಯ ಭದ್ರಾವತಿಯಲ್ಲಿಯೇ ಇದೆ. ಬೆಂಕಿಪುರವೆಂದು ಹೆಸರಿದ್ದ ಊರು ಅದು. ಅಲ್ಲಿ ಮೈಸೂರು ಸರಕಾರ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿ, 1923ರಲ್ಲಿ ಕುಲುಮೆಯನ್ನು ಹೊತ್ತಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ನಷ್ಟದಿಂದ ಎತ್ತಿ ನಿಲ್ಲಿಸಿದರು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಕಾರ್ಖಾನೆಗಳ ಜೊತೆಯಲ್ಲಿ ನ್ಯೂಟೌನು, ಕಾಗದನಗರ, ನೇರವಾದ ಬೀದಿಗಳು, ಸಾಲುಮರಗಳು, ಆಸ್ಪತ್ರೆ, ಶಾಲೆ, ಆಟದ ಬಯಲು ಬಂದುವು. ಇವನ್ನೆಲ್ಲ ಯೋಜಿಸಿದವರು ಬೆಂಕಿಪುರದ ರೈತರನ್ನೂ ಬೆಸ್ತರನ್ನೂ ಕೂರಿಸಿಕೊಂಡು ಅಭಿಪ್ರಾಯ ಕೇಳಿದರೇ? ಕೇಳಿದ್ದರೆ ಅವರು ಏನು ಹೇಳುತ್ತಿದ್ದರು? ಕುಲುಮೆಯನ್ನು ಕಂಡೇ ಇರದವರು ಕುಲುಮೆಯ ಸುತ್ತಣ ಊರನ್ನು ಹೇಗೆ ಕಲ್ಪಿಸಿಯಾರು? ತಿಳಿದವನು, ಪ್ರಾಮಾಣಿಕನು, ಸ್ವಾರ್ಥವಿಲ್ಲದವನು ಯೋಜಿಸಿದರೆ ಸಾಲದೇ? ಈ ಪ್ರಶ್ನೆಯನ್ನು ನನಗೆ ಹಾಕಿದವರು ಭದ್ರಾವತಿಯಲ್ಲಿ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿಯೊಬ್ಬರು. ಆ ಸಾಲುಮರಗಳ ನೆರಳಿನಲ್ಲಿ ಸೈಕಲ್ಲು ಕಲಿತವರು ಅವರು. ‘ನಮ್ಮಪ್ಪನನ್ನು ಯಾರೂ ಕೇಳಲಿಲ್ಲ ಸಾರ್, ಆದರೂ ನಮ್ಮಪ್ಪ ಸುಖವಾಗಿದ್ದರು’ ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅದರಲ್ಲಿ ಸುಳ್ಳಿಲ್ಲ. ಒಳ್ಳೆಯ ಯೋಜನೆಗೂ ಕೇಳಿದ ಯೋಜನೆಗೂ ಅವಿನಾಭಾವ ಸಂಬಂಧವೇನೂ ಇಲ್ಲ. ಕೇಳದೆಯೂ ಒಳ್ಳೆಯದನ್ನು ಮಾಡಬಹುದು, ಕೇಳಿಯೂ ಕೆಡಿಸಬಹುದು. ಆದರೆ ಭದ್ರಾವತಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕಾಗದದ ಕಾರ್ಖಾನೆ ಸುಮಾರು ಹತ್ತು ವರ್ಷಗಳ ಹಿಂದೆ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತ ಉಕ್ಕು ಪ್ರಾಧಿಕಾರದ ಕೈಗೆ ಹೋಗಿತ್ತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷ ಆಗಸ್ಟಿನಲ್ಲಿ ಉತ್ಪಾದನೆಯ ಒಂದು ಭಾಗ ಮತ್ತೆ ಆರಂಭವಾಯಿತು. ಇದರ ಅರ್ಥವೇನು? ಯಾರದೋ ದೂರದೃಷ್ಟಿಯಿಂದ ಬಂದ ಊರು, ಇನ್ಯಾರದೋ ಲೆಕ್ಕಪತ್ರದಿಂದ ಹೋಗಬಹುದು. ಬರುವಾಗ ಕೇಳದಿದ್ದುದು ಹಿತವಾಗಿತ್ತು. ಹೋಗುವಾಗಲೂ ಕೇಳಲಿಲ್ಲ, ಆಗ ಅದು ಹಿತವಾಗಲಿಲ್ಲ. ಹಾಕಿದವರೂ ತೆಗೆಯುವವರೂ ಬೇರೆ ಬೇರೆ ಜನ. ಆದರೆ ಊರಿನವರ ಸ್ಥಾನ ಎರಡು ಸಲವೂ ಒಂದೇ. ಕರ್ಮಣಿ ಪ್ರಯೋಗದಲ್ಲಿ ಅವರು ಯಾವಾಗಲೂ ಕರ್ಮ. ಒಳ್ಳೆಯ ಯಜಮಾನನ ಔದಾರ್ಯದಿಂದ ಬಂದ ಸುಖಕ್ಕೆ ಈ ಒಂದು ಕೊರತೆ ಇದ್ದೇ ಇರುತ್ತದೆ: ಅದನ್ನು ಉಳಿಸಿಕೊಳ್ಳುವ ಹಕ್ಕು ಸುಖಪಟ್ಟವನ ಕೈಯಲ್ಲಿರುವುದಿಲ್ಲ. ನನ್ನ ಮಿತ್ರರ ತಂದೆಗೆ ಸುಖವಿತ್ತು, ಮಾತಿರಲಿಲ್ಲ. ಮಾತಿಲ್ಲದ ಕೊರತೆ ಮಗನ ಕಾಲದಲ್ಲಿ ತಿಳಿಯಿತು.

ಇಲ್ಲಿಗೆ ನನ್ನ ವ್ಯಾಕರಣಕ್ಕೆ ಮತ್ತೆ ಬರುತ್ತೇನೆ. ಕನ್ನಡದ ‘ಕೇಳು’ ಎಂಬ ಧಾತು ವಿಚಿತ್ರವಾದುದು. ಪ್ರಶ್ನೆ ಕೇಳು ಎಂದರೆ ವಿಚಾರಿಸು. ಹಾಡು ಕೇಳು ಎಂದರೆ ಆಲಿಸು. ಸಾಲ ಕೇಳು ಎಂದರೆ ಬೇಡು. ‘ಅವನು ನನ್ನ ಮಾತು ಕೇಳುತ್ತಾನೆ’ ಎಂದರೆ ಮಾತಿನಂತೆ ನಡೆಯುತ್ತಾನೆ ಎಂದರ್ಥ. ಅನೇಕ ಭಾಷೆಗಳಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಪದಗಳಿವೆ. ನಮ್ಮವರು ಎಲ್ಲವನ್ನೂ ಒಂದೇ ಕ್ರಿಯೆಯಲ್ಲಿ ಕಟ್ಟಿಟ್ಟರು. ಇದು ಪದಗಳ ಬಡತನವೆಂದು ನಾನು ಎಣಿಸುವುದಿಲ್ಲ. ವಿಚಾರಿಸಿದವನು ಆಲಿಸಬೇಕು, ಆಲಿಸಿದವನು ತನ್ನ ನಡೆಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು, ಇಷ್ಟೂ ಆಗುವವರೆಗೆ ‘ಕೇಳಿದ’ ಎಂಬ ಕ್ರಿಯೆ ಪೂರ್ಣವಾಗುವುದಿಲ್ಲ. ಬೇಡುವುದೂ ಅದರಲ್ಲಿ ಸೇರಿದೆ: ಕೇಳುವವನು ತನ್ನಲ್ಲಿಲ್ಲದ ಏನೋ ಒಂದು ಎದುರಿನವನಲ್ಲಿದೆ ಎಂದು ಒಪ್ಪಿಕೊಂಡು ಕೈ ಒಡ್ಡುತ್ತಾನೆ. ಉತ್ತರದಿಂದ ಬದಲಾಗಲು ಸಿದ್ಧನಿಲ್ಲದವನು ಬಾಯಲ್ಲಿ ಎಷ್ಟು ಪ್ರಶ್ನೆ ಹಾಕಿದರೂ ಕನ್ನಡದ ಅರ್ಥದಲ್ಲಿ ಕೇಳಿದಂತಾಗಲಿಲ್ಲ.

2016ರಲ್ಲಿ ಶಿವಮೊಗ್ಗ ನಗರ ಕೇಂದ್ರ ಸರಕಾರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದಾಗ, ಸ್ಪರ್ಧೆಗೆ ನಿಂತ ಪ್ರತಿಯೊಂದು ನಗರವೂ ನಾಗರಿಕರ ಅಭಿಪ್ರಾಯ ಸಂಗ್ರಹಿಸಿದ ವಿವರವನ್ನು ಕೊಡಬೇಕಾಗಿತ್ತು. 2025ರ ಮಾರ್ಚಿಯಲ್ಲಿ ಆ ಯೋಜನೆಯ ಅವಧಿ ಮುಗಿಯಿತು. ಅಷ್ಟರಲ್ಲಿ ತುಂಗೆಯ ದಡದಲ್ಲಿ ನಡೆದಾಡುವ ಹಾದಿ, ಉದ್ಯಾನಗಳು ಬಂದುವು. ಅಲ್ಲಿ ಸಂಜೆ ಮಕ್ಕಳು ಓಡಾಡುವುದನ್ನು ನೋಡಿದರೆ ಸಂತೋಷವಾಗುತ್ತದೆ. ಅದನ್ನು ಅಲ್ಲಗಳೆಯುವ ಸಿನಿಕತನ ನನಗಿಲ್ಲ. ಆದರೆ ಅಭಿಪ್ರಾಯ ಸಂಗ್ರಹ ಎಂಬ ಮಾತೇ ನನಗೆ ಅಷ್ಟು ಹಿಡಿಸದು. ಸಂಗ್ರಹಿಸುವುದು ಕಟ್ಟಿಗೆಯನ್ನು, ಅಂಚೆಚೀಟಿಯನ್ನು. ನಮೂನೆಯ ಒಂದು ಅಂಕಣದಲ್ಲಿ ಇಷ್ಟು ಸಾವಿರ ಜನರ ಅಭಿಪ್ರಾಯ ಎಂದು ತುಂಬಿದರೆ ಸಂಗ್ರಹ ಮುಗಿಯುತ್ತದೆ. ಕೇಳುವುದು ಅಲ್ಲಿಂದ ಮುಂದೆ ಆರಂಭವಾಗಬೇಕು. ‘ನೀವು ಹೀಗೆ ಹೇಳಿದಿರಿ, ಆದ್ದರಿಂದ ನಾವು ಇದನ್ನು ಹೀಗೆ ಬದಲಾಯಿಸಿದೆವು, ಇದನ್ನು ಮಾತ್ರ ಬದಲಾಯಿಸಲಾಗಲಿಲ್ಲ, ಕಾರಣ ಇಂಥದು’ ಎಂದು ಹಿಂತಿರುಗಿ ಬಂದು ಹೇಳುವವನು ಮಾತ್ರ ಕೇಳಿದವನು.

ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ಕಠಿಣ. ಊರು ಎಂದರೆ ಯಾರು? ಸಭೆ ಕರೆದರೆ ಬರುವವರು ಯಾರು? ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಭೆ ಎಂದರೆ ಬರತಕ್ಕವರು ನಿವೃತ್ತ ಅಧಿಕಾರಿಗಳು, ಬಡಾವಣೆಯ ಸಂಘದ ಪದಾಧಿಕಾರಿಗಳು, ನನ್ನಂಥ ಮೇಷ್ಟರುಗಳು. ಈ ಪತ್ರಿಕೆಯನ್ನು ಓದುವ ನಾವೇ. ನಮಗೆ ಬೇಕಾದ್ದು ವಾಯುವಿಹಾರದ ಹಾದಿ, ಹುಲ್ಲು, ಒಂದು ಬೀಗ ಹಾಕುವ ಗೇಟು. ಆದರೆ ಮೇಲ್ಸೇತುವೆಗಳ ನೆರಳಿನಲ್ಲಿ ನಮಗಿಂತ ಮೊದಲೇ ಊರೊಂದು ನೆಲೆಸಿರುತ್ತದೆ. ಎಳನೀರು ಮಾರುವವನು, ಚಪ್ಪಲಿ ಹೊಲಿಯುವವನು, ಮಧ್ಯಾಹ್ನ ಆಟೊದ ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಮಲಗುವ ಚಾಲಕ, ಕಟ್ಟಡದ ಕೆಲಸಕ್ಕೆ ಕರೆಯಲು ಯಾರಾದರೂ ಬಂದಾರೆಂದು ಬುತ್ತಿ ಹಿಡಿದು ನಿಂತ ಹೆಂಗಸರು. ನಾವು ‘ಖಾಲಿ ಜಾಗ’ ಎಂದು ಕರೆಯುವುದು ಅವರ ಅಂಗಡಿ, ಅವರ ಪಡಸಾಲೆ. ‘ಸಮುದಾಯವನ್ನು ಕೇಳಿ’ ಮಾಡಿದ ಪಾರ್ಕಿಗೆ ಬೇಲಿ ಬಂದು, ಫಲಕ ಬಂದು, ಇವರೆಲ್ಲ ಹೊರಗಾದರೆ, ಕೇಳುವುದೇ ಒಂದು ಅನ್ಯಾಯದ ಸಾಧನವಾಗಲಿಲ್ಲವೇ? ಕೇಳದ ಅಧಿಕಾರಿಯಾದರೆ ಪಾಪಭೀತಿಯಿಂದ ಅವರನ್ನು ಅಲ್ಲಿಯೇ ಬಿಟ್ಟಿರುತ್ತಿದ್ದನೇನೋ!

ಇದಕ್ಕೆ ಸುಲಭವಾದ ಸಮಾಧಾನವಿಲ್ಲ. ಕಾನೂನು ಒಂದು ಹೆಜ್ಜೆ ಇಟ್ಟಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳನ್ನು ರಚಿಸಬೇಕೆಂದು ಹೇಳುತ್ತದೆ. 2011ರ ಜನಗಣತಿಯಲ್ಲಿ ಶಿವಮೊಗ್ಗದ ಜನಸಂಖ್ಯೆ 3,22,650. ಭದ್ರಾವತಿಯದು ಅದರ ಅರ್ಧದಷ್ಟು. ಆದ್ದರಿಂದ ಒಂದೇ ಬೆಂಗಳೂರು–ಹೊನ್ನಾವರ ರಸ್ತೆ ಎರಡೂ ಊರುಗಳನ್ನು ಸೀಳಿಕೊಂಡು ಹೋಗುತ್ತಿದ್ದರೂ, ರಸ್ತೆಯ ಒಂದು ತುದಿಯವರನ್ನು ಕೇಳಬೇಕೆಂದು ಸಂವಿಧಾನ ಕಡ್ಡಾಯ ಮಾಡಿದೆ, ಇನ್ನೊಂದು ತುದಿಯವರ ವಿಷಯದಲ್ಲಿ ಮಾಡಿಲ್ಲ. ಸಂಖ್ಯೆಗೆ ಎಲ್ಲಿಯಾದರೂ ಗೆರೆ ಎಳೆಯಲೇಬೇಕು, ನಿಜ. ಆದರೆ ಕೇಳಬೇಕಾದ ಧರ್ಮ 3 ಲಕ್ಷಕ್ಕೆ ಹುಟ್ಟಿ ಒಂದೂವರೆ ಲಕ್ಷಕ್ಕೆ ಇಲ್ಲವಾಗುವಂಥದೇ?

ನನಗೆ ತೋರುವ ಉತ್ತರ ಇದು. ಊರನ್ನು ಕೇಳುವುದೆಂದರೆ ತಲೆ ಎಣಿಸುವುದಲ್ಲ. ಮತ ಎಣಿಸುವುದಾದರೆ ಹೆಚ್ಚು ಜನ ಬೇಕೆಂದದ್ದು ಗೆಲ್ಲುತ್ತದೆ. ಎಳನೀರಿನವನು ಒಬ್ಬನೇ ಇರುವುದರಿಂದ ಸೋಲುತ್ತಾನೆ. ಆದರೆ ಅವನ ಬಳಿ ನಮ್ಮಲ್ಲಿ ಯಾರಿಗೂ ಇಲ್ಲದ ತಿಳಿವಳಿಕೆ ಇದೆ: ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಂಬದ ಬಳಿ ಗಾಳಿ ಬರುತ್ತದೆ, ರಾತ್ರಿ ಯಾವ ಮೂಲೆಗೆ ಹೆಂಗಸರು ಹೆದರುತ್ತಾರೆ, ಶಾಲೆಯ ಮಕ್ಕಳು ರಸ್ತೆಯನ್ನು ಎಲ್ಲಿ ಅಡ್ಡ ಹಾಯುತ್ತಾರೆ. ಇಂಜಿನಿಯರಿಗೆ ತೊಲೆಯ ಲೆಕ್ಕ ತಿಳಿದಿರುವಂತೆ ಇವನಿಗೆ ನೆಲದ ಲೆಕ್ಕ ತಿಳಿದಿದೆ. ಎರಡನೆಯದಾಗಿ, ಆ ನೆಲ ಬದಲಾದರೆ ನನಗೆ ಹೋಗುವುದು ಒಂದು ಸಂಜೆಯ ಗಾಳಿ. ಅವನಿಗೆ ಹೋಗುವುದು ದಿನದ ಅನ್ನ. ಆದ್ದರಿಂದ ಕೇಳುವ ಸರದಿಯನ್ನು ಕಳೆದುಕೊಳ್ಳುವವರಿಂದ ಆರಂಭಿಸಬೇಕು. ಯಾರಿಗೆ ಹೆಚ್ಚು ಹೋಗುತ್ತದೋ ಅವರ ಬಳಿಗೆ ಮೊದಲು. ಅವರು ಸಭೆಗೆ ಬರಲಾರರಾದರೆ ಸಭೆಯೇ ಅವರ ಬಳಿಗೆ ಹೋಗಬೇಕು. ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ಪಂಡಿತ 1914ರಲ್ಲಿ ಭಾರತಕ್ಕೆ ಬಂದು ಹಲವು ಊರುಗಳ ಯೋಜನಾ ವರದಿಗಳನ್ನು ಬರೆದ. ನಕ್ಷೆಗೆ ಕೈ ಹಾಕುವ ಮೊದಲು ಗಲ್ಲಿಗಲ್ಲಿಗಳಲ್ಲಿ ಕಾಲ್ನಡಿಗೆಯಲ್ಲಿ ಅಲೆಯುವುದು ಅವನ ಪದ್ಧತಿ. ಹಳೆಯ ಓಣಿಗಳನ್ನು ಸಾರಾಸಗಟಾಗಿ ಕೆಡವುವುದನ್ನು ಅವನು ವಿರೋಧಿಸಿ, ಆದಷ್ಟನ್ನು ಉಳಿಸಿ ಬೇಕಾದಷ್ಟನ್ನೇ ಕೊಯ್ಯುವ ಶಸ್ತ್ರವೈದ್ಯವನ್ನು ಬೋಧಿಸಿದ. ಆ ಕಾಲದಲ್ಲಿಯೇ ಅದು ಸಾಧ್ಯವಿತ್ತಾದರೆ ಈಗ ಏಕೆ ಆಗದು?

ಕೇಳುವವನಿಗೆ ಧರ್ಮವಿರುವಂತೆ, ಕೇಳಿಸಿಕೊಂಡವನಿಗೂ ಒಂದು ಧರ್ಮವಿದೆ. ಇದನ್ನು ನಾವು ಮರೆಯುತ್ತೇವೆ. ಒಮ್ಮೆ ನನ್ನ ತರಗತಿಯಲ್ಲಿ ‘ನಮ್ಮ ಬೀದಿಗೆ ಒಂದು ಉದ್ಯಾನ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದೆ. ಕಾರಂಜಿ, ಜೋಕಾಲಿ, ಬಣ್ಣದ ದೀಪ ಎಲ್ಲರ ಬರೆಹದಲ್ಲಿಯೂ ಬಂದುವು. ಒಬ್ಬ ವಿದ್ಯಾರ್ಥಿನಿ ಮಾತ್ರ ತನಗೇನು ಬೇಕೆಂದು ಬರೆಯಲೇ ಇಲ್ಲ. ಮನೆಗೆಲಸಕ್ಕೆ ಹೋಗುವ ತನ್ನ ತಾಯಿ ಎರಡು ಮನೆಗಳ ನಡುವೆ ಸಿಗುವ ಅರ್ಧ ಗಂಟೆಯಲ್ಲಿ ಎಲ್ಲಿ ಕೂರುತ್ತಾಳೆ ಎಂಬುದನ್ನು ವಿವರಿಸಿ, ‘ಏಕೆ ಕೂತಿದ್ದೀಯ ಎಂದು ಯಾರೂ ಕೇಳದಂಥ ಒಂದು ಕಟ್ಟೆ ಸಾಕು’ ಎಂದು ಮುಗಿಸಿದ್ದಳು. ಸಭೆಗೆ ಬರಲಾರದವರ ಪರವಾಗಿ ಮಾತನಾಡುವುದು ಎಂದರೆ ಇದು. ಊರಿನ ಸಭೆಯಲ್ಲಿ ಕುರ್ಚಿ ಸಿಕ್ಕವನು ತನ್ನ ಬಯಕೆಯ ಪಟ್ಟಿಯನ್ನು ಓದುವುದಕ್ಕೆ ಮೊದಲು, ಇಲ್ಲಿ ಯಾರು ಇಲ್ಲ ಎಂದು ಒಮ್ಮೆ ಸುತ್ತ ನೋಡಬೇಕು. ನಮ್ಮನ್ನು ಕೇಳಲಿಲ್ಲ ಎಂದು ದೂರುವ ಮಧ್ಯಮ ವರ್ಗದವರಾದ ನಾವು, ನಮ್ಮನ್ನು ಕೇಳಿದ ದಿನ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತೇವೆಯೇ?

ಕೇಳುವುದು ಋಣವೋ ಎಂಬ ಮೊದಲಿನ ಪ್ರಶ್ನೆ ಹಾಗೆಯೇ ಉಳಿದಿದೆ. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ರಾಂಡೊ ಎಂಬ ಬಡಾವಣೆ ಇತ್ತು; ಬಹುಮಟ್ಟಿಗೆ ಆಫ್ರಿಕನ್ ಅಮೆರಿಕನ್ನರು ವಾಸವಾಗಿದ್ದ ಜಾಗ. 1950 ಮತ್ತು 60ರ ದಶಕಗಳಲ್ಲಿ ಹೆದ್ದಾರಿ ಅದನ್ನು ಸೀಳಿಕೊಂಡು ಹೋಯಿತು. ನೂರಾರು ಮನೆಗಳು ಎದ್ದುಹೋದುವು. 2015ರಲ್ಲಿ ನಗರದ ಮೇಯರೂ ರಾಜ್ಯದ ಸಾರಿಗೆ ಇಲಾಖೆಯ ಮುಖ್ಯಸ್ಥರೂ ಬಹಿರಂಗವಾಗಿ ಕ್ಷಮೆ ಕೇಳಿದರು. ಹೆದ್ದಾರಿಯ ಮೇಲೆ ನೆಲವನ್ನು ಹಾಸಿ ಎರಡು ಹೋಳುಗಳನ್ನು ಮತ್ತೆ ಕೂಡಿಸಬೇಕೆಂಬುದು ಅಲ್ಲಿಯ ಜನರ ಬೇಡಿಕೆ. ಕ್ಷಮೆ ಕೇಳುವುದಕ್ಕೂ ಕನ್ನಡದಲ್ಲಿ ಅದೇ ಧಾತು ಎಂಬುದನ್ನು ಓದುಗರು ಗಮನಿಸಬೇಕು. ನಮ್ಮ ಜಿಲ್ಲೆಗೆ ಇದು ದೂರದ ಕಥೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ ನಾಡಿಗೆ ಬೆಳಕು ಬಂತು; ಊರು ಬಿಟ್ಟು ಹೋದವರ ನಂತರ ಉಳಿದ ದ್ವೀಪದಂಥ ಹಳ್ಳಿಗಳವರು ಲಾಂಚಿನಲ್ಲಿ ಹಾಯುತ್ತ ಸುಮಾರು ಆರು ದಶಕ ಕಾದರು; 2025ರ ಜುಲೈಯಲ್ಲಿ ಸಿಗಂದೂರಿನ ಕಡೆಗೆ ಸೇತುವೆ ತೆರೆಯಿತು. ಯಾವುದೇ ದೊಡ್ಡ ಅನುಕೂಲವೂ ಯಾರದೋ ನೆಲವನ್ನು ತುಳಿದೇ ಬರುತ್ತದೆ. ರಸ್ತೆಯ ವೇಗ ನನ್ನದಾದರೆ, ಅದರ ಧೂಳು ಬದಿಯ ಮನೆಯವನದು. ಆದ್ದರಿಂದ ರಸ್ತೆಯ ಮೇಲೋ ಕೆಳಗೋ ಒಂದಿಷ್ಟು ನೆಲ ಸಿಕ್ಕಿದಾಗ ಅದು ಹಂಚಿಕೊಡುವ ಪ್ರಸಾದವಲ್ಲ, ಹಿಂದಿರುಗಿಸುವ ಸಾಲ. ಸಾಲ ಕೊಟ್ಟವನನ್ನು ಕೇಳದೆ ಸಾಲ ತೀರಿಸುವುದು ಹೇಗೆ? ಹಾಗೆ ಹಾಸಿದ ಹುಲ್ಲು ಗಾಯವನ್ನು ಮುಚ್ಚೀತು, ಮಾಯಿಸದು.

ಶಿವಮೊಗ್ಗದ ಹಳೆಯ ಜೈಲಿನ ಜಾಗ ಈಗ ಫ್ರೀಡಂ ಪಾರ್ಕು. 2024ರ ಜನವರಿಯಲ್ಲಿ ಅದಕ್ಕೆ ಅಲ್ಲಮಪ್ರಭುವಿನ ಹೆಸರನ್ನಿಡುವ ಮಾತು ಪ್ರಕಟವಾಯಿತು. ನಮ್ಮ ಜಿಲ್ಲೆಯ ಬಳ್ಳಿಗಾವೆಯವನಾದ, ಬಯಲನ್ನೇ ತನ್ನ ದರ್ಶನದ ಪದವಾಗಿ ಮಾಡಿಕೊಂಡ ಆ ಜ್ಞಾನಿಗೆ ಒಪ್ಪುವ ಸ್ಮಾರಕ ಇದಕ್ಕಿಂತ ಬೇರೆ ಇಲ್ಲ. ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳುವ ಕಥೆ ವಿದ್ಯಾರ್ಥಿಗಳಿಗೆಲ್ಲ ಗೊತ್ತು: ಶೋಕದಲ್ಲಿ ಮುಳುಗಿ ತೋಪಿನಲ್ಲಿ ಕುಳಿತ ಅಲ್ಲಮ ಕಾಲಿನ ಉಗುರಿನಿಂದ ಸುಮ್ಮನೆ ನೆಲವನ್ನು ಕೆದಕುತ್ತಾನೆ, ಕೆಳಗೆ ಹೂತುಹೋದ ದೇಗುಲದ ಕಳಸ ಕಾಣುತ್ತದೆ. ಮೇಲಿನಿಂದ ನೋಡಿದವನಿಗೆ ಅದು ಒಂದು ಖಾಲಿ ತೋಪು.

ನನ್ನದೊಂದು ಸಣ್ಣ ಸಲಹೆ ಇದೆ. ಇದಕ್ಕೆ ಹಣವೂ ಬೇಡ, ಟೆಂಡರೂ ಬೇಡ. ಇನ್ನು ಮುಂದೆ ನಮ್ಮ ಎರಡೂ ಊರುಗಳಲ್ಲಿ ಎಲ್ಲಿಯಾದರೂ ಹೊಸ ಮೇಲ್ಸೇತುವೆಯ ಕೆಳಗೆ ನೆಲ ಸಿಕ್ಕಿದರೆ, ಅದನ್ನು ಒಂದು ವರ್ಷ ಹಾಗೆಯೇ ಬಯಲಾಗಿ ಬಿಡಲಿ. ಒಂದು ಮಳೆಗಾಲ, ಒಂದು ಬೇಸಗೆ ಅದರ ಮೇಲೆ ಹಾಯಲಿ. ನೀರು ನಿಲ್ಲುವ ಜಾಗ ತಾನಾಗಿ ಕಾಣುತ್ತದೆ. ಜನ ನಡೆದು ಬಿದ್ದ ಕಾಲುದಾರಿ ಕಾಣುತ್ತದೆ. ಯಾರು ಎಲ್ಲಿ ಕೂರುತ್ತಾರೆ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಎಂಬುದು ಕಾಣುತ್ತದೆ. ವರ್ಷ ಕಳೆದ ಮೇಲೆ ಇಂಜಿನಿಯರು, ವಾರ್ಡಿನ ಸದಸ್ಯ, ನಾಲ್ಕು ಜನ ನಾಗರಿಕರು ಖಾಲಿ ಹಾಳೆಯೊಂದನ್ನು ಹಿಡಿದುಕೊಂಡು ಅಲ್ಲಿಗೆ ಹೋಗಲಿ. ಹಾಳೆಯ ಮೇಲೆ ಒಂದು ಗೆರೆಯೂ ಇರಕೂಡದು. ಎಳನೀರಿನವನ ಬಳಿ ನಿಂತು, ಒಂದೊಂದು ಎಳನೀರು ಕೆತ್ತಿಸಿಕೊಂಡು, ‘ಇಲ್ಲಿ ಏನು ಮಾಡಿದರೆ ಚೆನ್ನ, ನೀನು ಹೇಳಪ್ಪ’ ಎಂದು ಕೇಳಲಿ.